ಆಲ್ಫಾ-ಸಿನ್ಯೂಕ್ಲೀನ್ ಹರಡುವಿಕೆಯ ಅಧ್ಯಯನ: ಸಾಮಾನ್ಯ ಇಲಿಯೋ, ಎಂ83 ಇಲಿಯೋ, ಹುಳುವೋ?

ಪಾರ್ಕಿನ್ಸನ್ ಕಾಯಿಲೆಯಲ್ಲಿ ಮಿದುಳಿನೊಳಗೆ ಗಂಟುಗಟ್ಟುವ ಆಲ್ಫಾ-ಸಿನ್ಯೂಕ್ಲೀನ್ ಎಂಬ ಪ್ರೋಟೀನು ಒಂದು ನರಕೋಶದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬುದೇ ನಿಮ್ಮ ಪ್ರಶ್ನೆಯಾದರೆ, ಸಾಮಾನ್ಯ ಇಲಿಯ ಮಿದುಳಿಗೆ ಪ್ರೋಟೀನಿನ ನಾರೆಳೆಗಳನ್ನು ಚುಚ್ಚುವ ವಿಧಾನ ಹಿಡಿಯಿರಿ. 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಚಲನೆಯನ್ನು ನಿಯಂತ್ರಿಸುವ ಮಿದುಳಿನ ಭಾಗವಾದ ಸ್ಟ್ರಯೇಟಮ್‌ಗೆ ಒಂದೇ ಚುಚ್ಚುಮದ್ದು ಕೊಟ್ಟು, ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ದೂರದ ನರಕೋಶಗಳೂ ಸಾಯುವುದನ್ನು ತೋರಿಸಿತು. ಇಲಿಯ ಸ್ವಂತ ಪ್ರೋಟೀನೇ ಗಂಟುಗಟ್ಟುವುದರಿಂದ ಜಾಡು ಸ್ಪಷ್ಟ. ಆದರೆ ತಿಂಗಳುಗಟ್ಟಲೆ ಕಾಯಬೇಕು. ಚುಚ್ಚುವ ಮೊದಲು ನಾರೆಳೆಗಳನ್ನು ಸರಿಯಾಗಿ ತುಂಡರಿಸದಿದ್ದರೆ ಅಷ್ಟೂ ಕಾಲ ವ್ಯರ್ಥ.

ಔಷಧ ಪರೀಕ್ಷೆಗೆ ಆತುರವಿದ್ದರೆ, ರೂಪಾಂತರಿತ ಮಾನವ ಜೀನ್ ಹೊತ್ತ ಎಂ83 ಇಲಿ ವಾಸಿ. ಚುಚ್ಚಿದ ಮೇಲೆ ಕಾಯಿಲೆ ಬೇಗ ಬಲಿಯುತ್ತದೆ. ಆದರೆ ವಯಸ್ಸಾದಂತೆ ಕಾಯಿಲೆ ತಾನಾಗಿಯೂ ಬರುವುದರಿಂದ, ಹರಡಿದ್ದು ಯಾವುದು, ಅಲ್ಲೇ ಹುಟ್ಟಿದ್ದು ಯಾವುದು ಎಂಬ ಗೊಂದಲ ತಪ್ಪದು.

ಕಡಿಮೆ ಖರ್ಚಿನಲ್ಲಿ ನೂರಾರು ಜೀನ್‌ಗಳನ್ನು ಜಾಲಾಡಲು ಸಿ. ಎಲೆಗಾನ್ಸ್ ಹುಳು ಸಾಕು: 302 ನರಕೋಶ, ಪಾರದರ್ಶಕ ಮೈ, ಕೆಲವೇ ವಾರಗಳ ಬದುಕು. ಅದಕ್ಕೆ ಸ್ವಂತ ಆಲ್ಫಾ-ಸಿನ್ಯೂಕ್ಲೀನ್ ಇಲ್ಲ; ಮನುಷ್ಯನ ಜೀನನ್ನೇ ಸೇರಿಸಬೇಕು.