ಗಡಿ ಕಡೆಯವರೇ, ವರ್ಷದ ರೀಚಾರ್ಜ್ ಹಾಕಿಸುವ ಮೊದಲು ಸ್ವಲ್ಪ ನಿಲ್ಲಿ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ, ಅಡ್ಕಸ್ಥಳ, ಸೀತಾಂಗೋಳಿ ಕಡೆಯವರಿಗಾಗಿ ಮುಖ್ಯವಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮೊಬೈಲ್ ಕಂಪನಿಯ ರೇಂಜ್ ಮಳೆಗಾಲದಿಂದ ಮಳೆಗಾಲಕ್ಕೆ ಹಾಳಾಗುತ್ತಿದ್ದು, ದರ ಮಾತ್ರ ಏರುತ್ತಿದ್ದರೆ, ಅಂಥ ಕಂಪನಿಗೆ 365 ದಿನದ ಪ್ಯಾಕ್ ಹಾಕಿಸಬೇಡಿ. ತಿಂಗಳ ಲೆಕ್ಕದಲ್ಲಿ ನಾಲ್ಕು ಕಾಸು ಉಳಿಯುವುದು ನಿಜ. ಆದರೂ ಬೇಡ. ನಮ್ಮ ಮನೆಯಲ್ಲಿ ಮೂರು ನಂಬರಿಗೆ ಹಾಕಿಸಿದ ಮೇಲೆ ಏನಾಯಿತು ಎಂದು ಹೇಳುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಹೆಸರು ಗೊತ್ತಾದರೆ ಜನ ಅದೊಂದನ್ನು ಬಿಟ್ಟು ಇನ್ನೊಂದಕ್ಕೆ ವರ್ಷದ ಹಣ ಕಟ್ಟುತ್ತಾರೆ, ಅಷ್ಟೇ.

ಆ ಕಂಪನಿಯನ್ನು ಮನೆಗೆ ತಂದವರು ಅಪ್ಪ. ನಮ್ಮದು ಬೈಲಿನ ಒಳಗಿನ ಮನೆ, ಸುತ್ತ ಗುಡ್ಡೆ. ಲ್ಯಾಂಡ್‌ಲೈನ್ ಇದ್ದ ಕಾಲದಲ್ಲಿ ಮೊದಲ ಸಿಡಿಲಿಗೇ ಫೋನ್ ಸುಟ್ಟು ಹೋಗುತ್ತಿತ್ತು. ಮೊಬೈಲ್ ಬಂದಾಗ ಬೇರೆ ಕಂಪನಿಗಳಿಗೆ ಅಂಗಳದಲ್ಲೂ ರೇಂಜ್ ಇರಲಿಲ್ಲ. ಇದಕ್ಕೆ ಚಾವಡಿಯೊಳಗೂ ಸಿಗುತ್ತಿತ್ತು. ಅಪ್ಪನಿಗೆ ಅಷ್ಟೇ ಸಾಕಾಯಿತು. ಅಡಿಕೆ ವ್ಯಾಪಾರಿಯ ಪುಸ್ತಕದಲ್ಲಿ, ಸೊಸೈಟಿಯಲ್ಲಿ, ದೇವಸ್ಥಾನದ ಸಮಿತಿಯ ಪಟ್ಟಿಯಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆ ಅದೇ ನಂಬರ್. "ನಮ್ಮ ಕಷ್ಟಕಾಲಕ್ಕೆ ಆದ ಕಂಪನಿ ಮಾರಾಯ, ಸುಮ್ನೆ ಬಿಡುವುದು ಹೇಗೆ?" ಎನ್ನುತ್ತಿದ್ದರು. ನಂಬರ್ ಇಟ್ಟುಕೊಂಡೇ ಕಂಪನಿ ಬದಲಿಸುವ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿಯಲ್ಲಿ. ಒಂದು ರಾಜ್ಯದ ನಂಬರನ್ನು ಇನ್ನೊಂದು ರಾಜ್ಯಕ್ಕೂ ಒಯ್ಯಬಹುದು ಎಂದಾದದ್ದು 2015ರ ಜುಲೈಯಲ್ಲಿ. ಅಪ್ಪ ಎರಡನ್ನೂ ಪೇಪರಿನಲ್ಲಿ ಓದಿ ಮಡಚಿ ಇಟ್ಟವರು.

ಗಡಿಯವರಿಗೆ ಆಗ ರೋಮಿಂಗ್ ಕಾಟ ಬೇರೆ ಇತ್ತು, ನೆನಪಿದೆ ಅಲ್ವಾ? ಗುಡ್ಡೆಯ ಆಚೆಯ ಕರ್ನಾಟಕದ ಟವರನ್ನು ಫೋನ್ ಹಿಡಿದರೆ ಮನೆಯೊಳಗೆ ಕೂತವರಿಗೇ ರೋಮಿಂಗ್. ಬಂದ ಕರೆಗೂ ಕರೆನ್ಸಿ ಖಾಲಿ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಉಳಿದವರೂ ರೋಮಿಂಗ್ ದರ ಕೈಬಿಡಬೇಕಾಯಿತು. ಅದೇ ಪೈಪೋಟಿಯಲ್ಲಿ ಎಷ್ಟೋ ಕಂಪನಿಗಳು ಮುಚ್ಚಿದವು, ಇಲ್ಲವೇ ಇನ್ನೊಂದರಲ್ಲಿ ಸೇರಿಹೋದವು. ಮೇಲಿಂದ 2019ರ ಅಕ್ಟೋಬರಿನಲ್ಲಿ ಎಜಿಆರ್ ಬಾಕಿಯ, ಅಂದರೆ ಕಂಪನಿಗಳು ತಮ್ಮ ಆದಾಯದ ಲೆಕ್ಕದಲ್ಲಿ ಸರಕಾರಕ್ಕೆ ಕಟ್ಟಬೇಕಾದ ಹಣದ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪು ಬಂತು. ಹಳೆಯ ಕಂಪನಿಗಳ ತಲೆ ಮೇಲೆ ಸಾವಿರಾರು ಕೋಟಿ ಕೂತಿತು. ಆ ವರ್ಷ ಡಿಸೆಂಬರಿನಲ್ಲಿ ಒಮ್ಮೆ, 2021ರ ಕೊನೆಗೆ ಒಮ್ಮೆ, 2024ರ ಜುಲೈಯಲ್ಲಿ ಇನ್ನೊಮ್ಮೆ ದರ ಏರಿತು. ತಿಂಗಳು ಎಂದರೆ 28 ದಿನ ಎಂಬ ಲೆಕ್ಕ ಬೇರೆ. ಆ ಲೆಕ್ಕದಲ್ಲಿ ನಾವು ವರ್ಷಕ್ಕೆ 12 ಅಲ್ಲ, 13 ಸಲ ಹಣ ಕಟ್ಟುತ್ತೇವೆ.

ದರ ಏರುತ್ತದೆ ಎಂಬ ಸುದ್ದಿ ಬಂದಾಗಲೇ ಈ ವರ್ಷದ ಪ್ಯಾಕಿನ ಮಾತು ಜೋರಾಗುವುದು. ನಮಗೂ ಹಾಗೆಯೇ ಆಯಿತು. "ಇವತ್ತು ಹಾಕಿಸಿದರೆ ಹಳೆಯ ದರ, ಇನ್ನೊಂದು ವರ್ಷ ತಲೆಬಿಸಿ ಇಲ್ಲ" ಎಂದರು ಪೇಟೆಯ ಮೊಬೈಲ್ ಅಂಗಡಿಯವರು. ಅವರದ್ದು ತಪ್ಪೆಂದು ನಾನು ಹೇಳುವುದಿಲ್ಲ. ಮಾತು ಸುಳ್ಳೂ ಅಲ್ಲ, ದರ ನಿಜವಾಗಿ ಏರಿತು. ಆದರೆ ದರ ಹಳೆಯದೇ ಉಳಿದರೆ ಸಾಕೇ? ನೆಟ್‌ವರ್ಕೂ ಹಳೆಯದೇ ಉಳಿಯಬೇಡವೇ? ಆ ಭರವಸೆ ಯಾವ ಪ್ಯಾಕಿನಲ್ಲೂ ಬರೆದಿರುವುದಿಲ್ಲ. ವರ್ಷದ ಪ್ಯಾಕ್ ಹಾಕಿಸುವುದೆಂದರೆ ಕಷ್ಟದಲ್ಲಿರುವವರಿಗೆ ಕೈಸಾಲ ಕೊಟ್ಟ ಹಾಗೆ. ಬಡ್ಡಿ ಇಲ್ಲ, ಪತ್ರ ಇಲ್ಲ, ವಾಪಸ್ ಕೇಳುವ ಹಕ್ಕೂ ಇಲ್ಲ.

ಮಳೆ ಹಿಡಿಯಿತು. ನಮ್ಮಲ್ಲಿ ಜೂನ್ ಜುಲೈಯಲ್ಲಿ ಕರೆಂಟ್ ಹೋಗುವುದು ಹೊಸತಲ್ಲ. ಮೊದಲೆಲ್ಲ ಕರೆಂಟ್ ಹೋದರೂ ರೇಂಜ್ ಇರುತ್ತಿತ್ತು, ಗುಡ್ಡೆಯ ಮೇಲಿನ ಟವರಿನಿಂದ ಜನರೇಟರ್ ಸದ್ದು ಕೇಳುತ್ತಿತ್ತು. ಈ ಸಲ ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ರೇಂಜೂ ಹೋಗತೊಡಗಿತು. ಡೀಸೆಲ್ ಹಾಕುವವರು ಬರುವುದೇ ಕಡಿಮೆಯಾಗಿದೆ ಎಂದು ಆಚೆಮನೆಯವರು ಹೇಳಿದರು. ಮಳೆಗಾಲ ಕಳೆಯಲಿ, ಸರಿ ಆದೀತು ಎಂದುಕೊಂಡೆವು. ಕಳೆಯಿತು. ಸರಿ ಆಗಲಿಲ್ಲ. ಆಮೇಲೆ ಇನ್ನೊಂದು ತರಹ ಶುರುವಾಯಿತು. ಫೋನಿನಲ್ಲಿ ನಾಲ್ಕು ಕಡ್ಡಿ ತೋರಿಸುತ್ತದೆ, ನೆಟ್ ಮಾತ್ರ ಓಡುವುದಿಲ್ಲ. ಅಡಿಕೆ ಕೊಟ್ಟು ಬಂದ ದಿನ ಬ್ಯಾಂಕಿನ ಮೆಸೇಜಿಗಾಗಿ ಅಪ್ಪ ತೋಟದ ಮೇಲಿನ ಗುಡ್ಡೆ ಹತ್ತಿ ನಿಲ್ಲಬೇಕು. ವಯಸ್ಸು ಎಪ್ಪತ್ತು ದಾಟಿದವರು.

ಇದು ಯಾಕೆ ಹೀಗಾಗುತ್ತದೆ ಎಂದು ಗೊತ್ತಿದ್ದರೆ ಒಳ್ಳೆಯದು. ನಾವು ನೋಡುವ ಹೆಚ್ಚಿನ ಟವರುಗಳು ಮೊಬೈಲ್ ಕಂಪನಿಯದ್ದಲ್ಲ. ಟವರ್ ಕಟ್ಟಿ ಬಾಡಿಗೆಗೆ ಕೊಡುವ ಕಂಪನಿಗಳೇ ಬೇರೆ. ಒಂದೇ ಟವರಿನಲ್ಲಿ ಎರಡು ಮೂರು ಮೊಬೈಲ್ ಕಂಪನಿಗಳ ಪೆಟ್ಟಿಗೆ ಇರುತ್ತದೆ. ಬಾಡಿಗೆ, ಕರೆಂಟ್, ಡೀಸೆಲ್ ಎಲ್ಲಕ್ಕೂ ತಿಂಗಳು ತಿಂಗಳು ಹಣ ಬೇಕು. ಕೈಯಲ್ಲಿ ಹಣ ಇಲ್ಲದ ಕಂಪನಿ ಖರ್ಚು ಉಳಿಸಲು ಮೊದಲು ಕೈ ಹಾಕುವುದು ಜನ ಕಡಿಮೆ ಇರುವ ಜಾಗಕ್ಕೆ, ಅಂದರೆ ನಮ್ಮಂಥ ಬೈಲುಗಳಿಗೆ. ಮಂಗಳೂರಿನಲ್ಲಿ, ಕಾಸರಗೋಡು ಪೇಟೆಯಲ್ಲಿ ಅದೇ ಸಿಮ್ ಚೆನ್ನಾಗಿಯೇ ನಡೆಯುತ್ತದೆ. ಇನ್ನು ಕಡ್ಡಿ ತೋರಿಸಿ ನೆಟ್ ಓಡದಿರುವುದಕ್ಕೆ ಕಾರಣ ಹೆಚ್ಚಾಗಿ ಟವರಿನ ಹಿಂದಿರುವ ಲೈನು. ಫೋನಿನಿಂದ ಟವರ್ ತನಕ ಸರಿ ಇದೆ, ಅಲ್ಲಿಂದ ಮುಂದೆ ಸಾಗಿಸುವ ದಾರಿ ಸಾಲದು. ಅದನ್ನು ದೊಡ್ಡದು ಮಾಡಲೂ ಹಣ ಬೇಕು.

ಬಾಕಿ ಏರಿದರೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ತಮಿಳುನಾಡಿನವರು ನೋಡಿದ್ದಾರೆ. 2018ರ ಫೆಬ್ರವರಿಯಲ್ಲಿ ಏರ್‌ಸೆಲ್ ಅಲ್ಲಿ ಒಮ್ಮೆಗೇ ಮಲಗಿತು. ಟವರ್ ಕಂಪನಿಗಳಿಗೆ ಬಾಕಿ ಇತ್ತು, ಟವರುಗಳು ನಿಂತವು. ಅದು ಆ ರಾಜ್ಯದಲ್ಲಿ ಮನೆಮನೆಯ ಕಂಪನಿಯಾಗಿತ್ತು. ಜನ ಪೋರ್ಟ್ ಮಾಡಲು, ಅಂದರೆ ಅದೇ ನಂಬರಿನಲ್ಲಿ ಬೇರೆ ಕಂಪನಿಗೆ ಹೋಗಲು ಓಡಿದರೆ, ಅದಕ್ಕೆ ಬೇಕಾದ ಪೋರ್ಟ್ ಕೋಡಿನ ಮೆಸೇಜ್ ಬರಲೂ ರೇಂಜ್ ಇಲ್ಲ! ತಿಂಗಳ ಕೊನೆಗೆ ಕಂಪನಿ ದಿವಾಳಿ ಅರ್ಜಿ ಹಾಕಿತು. ಹೊಸೂರು ಕಡೆಯ ನಮ್ಮ ಸಂಬಂಧಿಕರೊಬ್ಬರು ಆ ಹಳೆಯ ನಂಬರನ್ನೇ ಕಳೆದುಕೊಂಡರು.

ನಮ್ಮ ಕತೆಗೆ ಬರುತ್ತೇನೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗೆಲ್ಲ ಒಂದೇ ಪಾಠ. ಫೋನ್ ಆಫ್ ಮಾಡಿ ಆನ್ ಮಾಡಿ. ಸೆಟ್ಟಿಂಗ್ ಬದಲಿಸಿ. ಕೊನೆಗೆ, "ನಿಮ್ಮ ಸಿಮ್ ಹಳೆಯದು, ಹೊಸ ಸಿಮ್ ತೆಗೆದುಕೊಳ್ಳಿ, ಎಲ್ಲ ಸರಿ ಆಗುತ್ತದೆ." ಇಲ್ಲಿ ಜಾಗ್ರತೆ ಮಾರಾಯ್ರೆ. ಸಿಮ್ ಬದಲಿಸಿದರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಒಟಿಪಿ ಬರುವುದಿಲ್ಲ ಎಂದು ಅರ್ಥ. ಅದು ಮೋಸಗಾರರನ್ನು ತಡೆಯಲು ಮಾಡಿದ ನಿಯಮ, ಒಳ್ಳೆಯದೇ. ಆದರೆ ಮೊದಲೇ ಹೇಳಬೇಕಲ್ಲ? ಇನ್ನೊಂದು, 2024ರ ಜುಲೈ 1ರಿಂದ ಹೊಸ ನಿಯಮ ಇದೆ. ಸಿಮ್ ಬದಲಿಸಿದ 7 ದಿನದ ಒಳಗೆ ಪೋರ್ಟ್ ಕೋಡ್ ಕೊಡುವುದಿಲ್ಲ. ಹೊಸ ಸಿಮ್ ಹಾಕಿದ ಮೇಲೂ ರೇಂಜ್ ಬರಲಿಲ್ಲ, ಬಿಟ್ಟು ಹೋಗೋಣ ಎಂದರೆ ಬಾಗಿಲಿಗೆ ಬೀಗ. ಹಾಗಾಗಿ ಆಚೀಚೆ ಮನೆಯ ಅದೇ ಕಂಪನಿಯ ಫೋನಿಗೂ ರೇಂಜ್ ಇಲ್ಲದಿದ್ದರೆ ಸಿಮ್ ಬದಲಿಸಲು ಒಪ್ಪಬೇಡಿ. ತೊಂದರೆ ಸಿಮ್ಮಿನಲ್ಲಿಲ್ಲ.

ಆಮೇಲೆ ಪೋರ್ಟ್ ಎಂದು ಬರೆದು ನಂಬರ್ ಸೇರಿಸಿ 1900ಕ್ಕೆ ಮೆಸೇಜ್ ಕಳಿಸಿದೆ. ನಿಮ್ಮ ಪ್ಯಾಕಿನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೂ ಈ ಒಂದು ಮೆಸೇಜ್ ಹೋಗಲೇಬೇಕು, 2021ರ ಡಿಸೆಂಬರಿನಲ್ಲಿ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ಹಾಗೆಂದು ಆದೇಶ ಮಾಡಿದೆ. ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕೋಡ್ ಬಂತು. ಅದರ ಹಿಂದೆಯೇ ಕಂಪನಿಯಿಂದ ಫೋನೂ ಬಂತು. ಎಂಥ ಪ್ರೀತಿ! ಡೇಟಾ ಜಾಸ್ತಿ ಕೊಡುತ್ತಾರಂತೆ, ಮುಂದಿನ ರೀಚಾರ್ಜಿಗೆ ಕಡಿತವಂತೆ. ಅಷ್ಟು ವರ್ಷ ಅಪ್ಪ ಒಂದು ದಿನ ತಪ್ಪದೆ ರೀಚಾರ್ಜ್ ಹಾಕಿಸಿದಾಗ ಒಂದು ಧನ್ಯವಾದದ ಮೆಸೇಜೂ ಕಳಿಸಿದವರಲ್ಲ. ಬಿಡುತ್ತೇನೆ ಎಂದ ಕೂಡಲೇ ಬೆಲೆ ಬಂತು. ಅಪ್ಪನ ಮುಖ ಸಪ್ಪಗಾದದ್ದು ನೆಟ್ ಇಲ್ಲದ್ದಕ್ಕಲ್ಲ, ಈ ಫೋನಿಗೆ.

"ಉಳಿದ ತಿಂಗಳ ಹಣ?" ಎಂದು ಕೇಳಿದೆ. ಉತ್ತರ ಸರಳ. ಪ್ರೀಪೇಯ್ಡ್ ನಂಬರ್ ಪೋರ್ಟ್ ಆದರೆ ಉಳಿದ ಬ್ಯಾಲೆನ್ಸ್ ಹೋಯಿತು, ವ್ಯಾಲಿಡಿಟಿಯೂ ಹೋಯಿತು. ಇದು ಎಲ್ಲ ಕಂಪನಿಗೂ ಅನ್ವಯಿಸುವ ಪದ್ಧತಿ. ಮೂರು ನಂಬರಿನ ಅರ್ಧಕ್ಕಿಂತ ಜಾಸ್ತಿ ಹಣ ಹಾಗೆ ನೀರಿಗೆ ಬಿತ್ತು. 28 ದಿನದ ಪ್ಯಾಕ್ ಇದ್ದಿದ್ದರೆ ಹೆಚ್ಚೆಂದರೆ ಒಂದು ಪ್ಯಾಕಿನ ಹಣ ಹೋಗುತ್ತಿತ್ತು. ಅಸಲಿಗೆ ಜನ ಬಿಟ್ಟು ಹೋಗುತ್ತಿರುವ ಕಂಪನಿಗೆ ವರ್ಷದ ಪ್ಯಾಕ್ ಎಷ್ಟು ಅನುಕೂಲ ನೋಡಿ. ಹಣ ಮೊದಲೇ ಕೈಗೆ ಬರುತ್ತದೆ, ಗಿರಾಕಿ ಎದ್ದು ಹೋಗಲೂ ಹಿಂದೆ ಮುಂದೆ ನೋಡುತ್ತಾನೆ.

ಹೆಂಡತಿಯ ನಂಬರಿನದ್ದು ಇನ್ನೊಂದು ಅಧ್ಯಾಯ. ಅವಳ ತವರು ಪುತ್ತೂರು, ಸಿಮ್ ಕರ್ನಾಟಕದ್ದು. ನಮ್ಮಲ್ಲಿ ಹೀಗೆ ಎರಡು ರಾಜ್ಯದ ಸಿಮ್ ಇರುವ ಮನೆ ಬೇಕಾದಷ್ಟಿವೆ. ಮೊಬೈಲ್ ಕಂಪನಿಗೆ ಕೇರಳ ಒಂದು ಸರ್ಕಲ್, ಕರ್ನಾಟಕ ಇನ್ನೊಂದು. ತರಂಗಾಂತರವನ್ನೂ ಸರ್ಕಲ್ ಲೆಕ್ಕದಲ್ಲೇ ಹರಾಜು ಹಾಕುತ್ತಾರೆ, ಹಾಗಾಗಿ ಒಂದೇ ಕಂಪನಿ ಇಲ್ಲಿ ಗಟ್ಟಿ, ಅಲ್ಲಿ ಜೊಳ್ಳು ಇರಬಹುದು. ಒಂದೇ ಸರ್ಕಲ್ ಒಳಗೆ ಪೋರ್ಟ್ ಆಗಲು 3 ಕೆಲಸದ ದಿನ ಸಾಕು, ಕರ್ನಾಟಕದ ನಂಬರನ್ನು ಕೇರಳಕ್ಕೆ ತರಲು 5 ಬೇಕು. ಪೋರ್ಟ್ ಕೋಡ್ ಇರುವುದು 4 ದಿನ ಮಾತ್ರ. ಅಷ್ಟರೊಳಗೆ ಅಂಗಡಿಗೆ ಹೋಗಿ ಅರ್ಜಿ ಹಾಕಿ.

ಇನ್ನೊಂದು ವಿಷಯ ಗಡಿಯವರು ಗಮನಿಸಬೇಕು. ಟ್ರಾಯ್ 2024ರಲ್ಲಿ ಸೇವೆಯ ಗುಣಮಟ್ಟದ ಹೊಸ ನಿಯಮ ಮಾಡಿದೆ. ಒಂದು ಜಿಲ್ಲೆಯಲ್ಲಿ ದೊಡ್ಡ ಮಟ್ಟದಲ್ಲಿ ನೆಟ್‌ವರ್ಕ್ 24 ಗಂಟೆಗಿಂತ ಜಾಸ್ತಿ ಕೆಟ್ಟು ನಿಂತರೆ ಪ್ರೀಪೇಯ್ಡ್‌ನವರಿಗೆ ವ್ಯಾಲಿಡಿಟಿ ಮುಂದುವರಿಸಿ ಕೊಡಬೇಕು. ಕೇಳಲು ಚಂದ. ಆದರೆ ಆ ಜಿಲ್ಲೆಯಲ್ಲಿ ನೋಂದಣಿಯಾದ ಸಂಪರ್ಕಕ್ಕೆ ಮಾತ್ರ ಅದು ಸಿಗುವುದು. ಪುತ್ತೂರಿನ ವಿಳಾಸದ ಸಿಮ್ ಇಟ್ಟುಕೊಂಡು ಪೆರ್ಲದಲ್ಲಿ ಕೂತವರಿಗೆ ಇಲ್ಲ. ನಮ್ಮ ಗುಡ್ಡೆಯ ಒಂದು ಟವರ್ ಮಲಗಿದರೆ ಯಾರಿಗೂ ಇಲ್ಲ. ಅದೇ ನಿಯಮದ ಪ್ರಕಾರ ಕಂಪನಿಗಳು ಎಲ್ಲೆಲ್ಲಿ 4ಜಿ, 5ಜಿ ಸಿಗುತ್ತದೆ ಎಂಬ ನಕ್ಷೆಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಬೇಕು. ನೋಡಿ, ಆದರೆ ಪೂರ್ತಿ ನಂಬಬೇಡಿ. ನಕ್ಷೆಯಲ್ಲಿ ನಮ್ಮ ಬೈಲಿಗೂ ಬಣ್ಣ ಬಳಿದಿದ್ದರು. ಬೇರೆ ಕಂಪನಿಯ ಸಿಮ್ ಇರುವ ನೆಂಟರು ಮನೆಗೆ ಬಂದಾಗ ಅವರ ಫೋನ್ ನೋಡುವುದೇ ಸರಿಯಾದ ಪರೀಕ್ಷೆ. ಕರೆಂಟ್ ಇಲ್ಲದ ದಿನ ನೋಡಿದರೆ ಇನ್ನೂ ಒಳ್ಳೆಯದು.

ದೂರು ಕೊಡುವವರು ಒಂದು ತಿಳಿದಿರಿ. ಒಬ್ಬೊಬ್ಬರ ದೂರನ್ನು ಟ್ರಾಯ್ ವಿಚಾರಿಸುವುದಿಲ್ಲ. ಮೊದಲು ಕಸ್ಟಮರ್ ಕೇರ್‌ನಲ್ಲಿ ದೂರು ಬರೆಸಿ ಡಾಕೆಟ್ ನಂಬರ್ (ದೂರು ದಾಖಲಾದ ಸಂಖ್ಯೆ) ಕೇಳಿ ಪಡೆಯಬೇಕು, ಬಾಯಿಮಾತಿಗೆ ಬೆಲೆ ಇಲ್ಲ. ಅಲ್ಲಿ ಆಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬೇಕು. ನಾನು ಬರೆದೆ. "ನಿಮ್ಮ ಪ್ರದೇಶದಲ್ಲಿ ಸೇವೆ ತೃಪ್ತಿಕರವಾಗಿದೆ" ಎಂದು ಉತ್ತರ ಬಂತು. ಯಾರಿಗೆ ತೃಪ್ತಿಯೋ.

ಮೊಬೈಲ್ ಕಂಪನಿ ಮೇಲಿನ ದೂರು ಗ್ರಾಹಕರ ಆಯೋಗಕ್ಕೆ ಬರುವುದಿಲ್ಲ ಎಂದು ಹಿಂದೆ ವಾದ ಇತ್ತು. ಬರುತ್ತದೆ ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಜಿಲ್ಲಾ ಆಯೋಗ ಕಾಸರಗೋಡಿನಲ್ಲೇ ಇದೆ, ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಅರ್ಜಿಗೆ ಶುಲ್ಕವೂ ಇಲ್ಲ. ನಾನು ಕಾಗದ ಜೋಡಿಸುತ್ತಿದ್ದೇನೆ. ಈ ಕಡೆಯ ಬೇರೆ ಯಾರಾದರೂ ಇದೇ ತರಹ ವರ್ಷದ ಪ್ಯಾಕ್ ಹಾಕಿಸಿ ಸಿಕ್ಕಿಬಿದ್ದಿದ್ದರೆ ರೀಚಾರ್ಜಿನ ಮೆಸೇಜ್, ಹಣ ಕಟ್ಟಿದ ದಾಖಲೆ, ಡಾಕೆಟ್ ನಂಬರ್ ಯಾವುದನ್ನೂ ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಪೋರ್ಟ್ ಆದ ಮೇಲೆ ಹಳೆಯ ಕಂಪನಿಯ ಆ್ಯಪ್‌ನೊಳಗೆ ಹೋಗಲು ನಮಗೆ ಆಗಲೇ ಇಲ್ಲ.