ಇಪ್ಪತ್ತು ಗಂಟೆಯ ವಿಮಾನಕ್ಕೆ ಕಿವಿಗೆ ಯಾವುದು? ಮೂರು ಜೋಡಿ ಹಾಕಿ ನೋಡಿದೆ

ಮಗಳು ಸ್ಯಾನ್ ಫ್ರಾನ್ಸಿಸ್ಕೊ ಹತ್ತಿರ ಇದ್ದಾಳೆ. ಅವಳ ಮೊದಲ ಬಾಣಂತನಕ್ಕೆ ಚಿಕ್ಕಬಳ್ಳಾಪುರದಿಂದ ಹೊರಟಾಗ ಬ್ಯಾಗಿನಲ್ಲಿ ಒಣಶುಂಠಿ, ಮೆಣಸು, ಬಾಣಂತಿ ಲೇಹ್ಯ ಎಲ್ಲ ಇತ್ತು. ಕಿವಿಗೆ ಮಾತ್ರ ಏನೂ ಇರಲಿಲ್ಲ. ವಿಮಾನದಲ್ಲಿ ಕೊಟ್ಟ ಇಯರ್‌ಫೋನನ್ನೇ ಹಾಕಿಕೊಂಡೆ. ಎಂಜಿನ್ ಮೊರೆತದಲ್ಲಿ ಮಾತು ಕೇಳಿಸದೆ ಸೌಂಡ್ ಪೂರ್ತಿ ಏರಿಸಿದೆ. ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವಾಗ ಎರಡೂ ಕಿವಿ ಗುಂಯ್ ಎನ್ನುತ್ತಿದ್ದವು, ತಲೆ ಸಿಡಿಯುತ್ತಿತ್ತು. ಮಗಳ ಮನೆ ತಲುಪಿದ ಮೇಲೂ ಎರಡು ದಿನ ಮಗು ಎತ್ತಿಕೊಳ್ಳುವಷ್ಟು ಚೈತನ್ಯ ಇರಲಿಲ್ಲ.

ಎರಡನೇ ಬಾಣಂತನಕ್ಕೆ ಹೊರಡುವಾಗ ಹಾಗಾಗಬಾರದು ಅಂತ ಮೂರು ಜೋಡಿ ಒಟ್ಟು ಮಾಡಿದೆ. ಒಂದು, ಅಳಿಯ ಕಳಿಸಿದ ವೈರ್ ಇಲ್ಲದ ಇಯರ್‌ಬಡ್ಸ್. ಹೊರಗಿನ ಸದ್ದು ಅಡಗಿಸುವ ನಾಯ್ಸ್ ಕ್ಯಾನ್ಸಲಿಂಗ್ ಇರುವುದು, ಬೆಲೆ ಹದಿನೆಂಟು ಸಾವಿರದ ಹತ್ತಿರ. ಎರಡು, ಮಗ ಬಳಸುತ್ತಿದ್ದ, ಕತ್ತಿಗೆ ಪಟ್ಟಿಯ ಹಾಗೆ ಹಾಕಿಕೊಳ್ಳುವ ನೆಕ್‌ಬ್ಯಾಂಡ್. ಅದರಲ್ಲೂ ಕ್ಯಾನ್ಸಲಿಂಗ್ ಇದೆ. ಮೂರು, ನಾನೇ ತರಿಸಿದ ಸಾವಿರದ ಇನ್ನೂರರ ವೈರಿನ ಇಯರ್‌ಫೋನ್. ಅದಕ್ಕೆ ರಬ್ಬರ್ ಟಿಪ್ ತೆಗೆದು ಸ್ಪಂಜಿನಂಥ ಫೋಮ್ ಟಿಪ್ ಹಾಕಿಸಿದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಮಾಡೆಲ್ ವರ್ಷಕ್ಕೊಂದು ಬದಲಾಗುತ್ತದೆ, ಜಾತಿ ಬದಲಾಗುವುದಿಲ್ಲ. ನನಗೆ ಹೋಲಿಸಬೇಕಾಗಿದ್ದದ್ದು ಜಾತಿಯನ್ನು.

ಹೊರಡುವ ಮುಂಚಿನ ವಾರ ಮೂರನ್ನೂ ಹಿಡಿದುಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಅಲ್ಲಿ ಅಣ್ಣನದು ರೇಷ್ಮೆ ನೂಲು ಬಿಚ್ಚುವ ಘಟಕ. ಮೋಟಾರು ಬೆಳಗಿನಿಂದ ಒಂದೇ ಸಮ ಗುಂಯ್‌ಗುಡುತ್ತಿರುತ್ತದೆ, ಮಧ್ಯೆ ಕೆಲಸದವರ ಮಾತು, ಯಾರದೋ ಮೊಬೈಲಿನ ಹಾಡು. ವಿಮಾನದ ಒಳಗೂ ಹೆಚ್ಚುಕಡಿಮೆ ಹೀಗೇ ಅಲ್ವಾ?

ಇಯರ್‌ಬಡ್ಸ್ ಹಾಕಿ ಕ್ಯಾನ್ಸಲಿಂಗ್ ಆನ್ ಮಾಡಿದೆ. ಕರೆಂಟ್ ಹೋದ ಹಾಗೆ ಮೋಟಾರ್ ಸದ್ದು ಕುಸಿಯಿತು. ಆದರೆ ಅತ್ತಿಗೆ ಆ ಕಡೆಯಿಂದ "ಬಾಮ್ಮ, ಕಾಫಿ ಆರಿಹೋಗುತ್ತೆ" ಅಂದದ್ದು ಚೆನ್ನಾಗಿಯೇ ಕೇಳಿತು. ಆಮೇಲೆ ಫೋಮ್ ಟಿಪ್ಪಿನ ವೈರಿನದು ಹಾಕಿದೆ. ಈಗ ಮೋಟಾರ್ ಸ್ವಲ್ಪ ಉಳಿಯಿತು, ಅತ್ತಿಗೆಯ ಮಾತು ಮಾಯವಾಯಿತು. ಅವರು ಬಂದು ಭುಜ ಮುಟ್ಟಿದ ಮೇಲೇ ನನಗೆ ಗೊತ್ತಾದದ್ದು.

ಕಾರಣ ಸರಳ. ನಾಯ್ಸ್ ಕ್ಯಾನ್ಸಲಿಂಗ್ ಇರುವುದರಲ್ಲಿ ಪುಟ್ಟ ಮೈಕ್ ಹೊರಗಿನ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಅದಕ್ಕೆ ಸರಿ ಉಲ್ಟಾ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಎರಡೂ ಸೇರಿ ಒಂದನ್ನೊಂದು ಅಳಿಸುತ್ತವೆ. ಒಂದೇ ಸಮ ಬರುವ ದಪ್ಪ ಸದ್ದಿಗೆ ಇದು ಚೆನ್ನಾಗಿ ನಡೆಯುತ್ತದೆ. ಮಾತು, ಮಗುವಿನ ಅಳು ಕ್ಷಣಕ್ಷಣಕ್ಕೂ ಬದಲಾಗುವ ಸಣ್ಣ ಸದ್ದು, ಅದನ್ನು ಹಿಡಿಯುವುದು ಕಷ್ಟ. ಫೋಮ್ ಮಾಡುವುದು ಬೇರೆ ಕೆಲಸ, ಬಾಗಿಲು ಹಾಕಿದ ಹಾಗೆ. ಸಣ್ಣ ಸದ್ದು ಬಾಗಿಲ ಆಚೆಯೇ ನಿಲ್ಲುತ್ತದೆ, ದಪ್ಪ ಸದ್ದು ಒಂದಿಷ್ಟು ಒಳಗೆ ಬರುತ್ತದೆ.

ಈ ಉಲ್ಟಾ ಅಲೆಯ ವಿಚಾರವೂ ವಿಮಾನದಲ್ಲೇ ಮುಂದಕ್ಕೆ ಹೋದದ್ದು. 1978ರಲ್ಲಿ ಬೋಸ್ ಸ್ಪೀಕರ್ ಕಂಪನಿ ಕಟ್ಟಿದ ಅಮರ್ ಬೋಸ್ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುತ್ತಿದ್ದರು. ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದಿಗೆ ಸಂಗೀತ ಸರಿಯಾಗಿ ಕೇಳಲಿಲ್ಲ. ಊರು ಮುಟ್ಟುವುದರೊಳಗೆ ಆ ಸದ್ದನ್ನು ಅಡಗಿಸುವ ಲೆಕ್ಕ ಹಾಕಿಬಿಟ್ಟಿದ್ದರು. ಅವರ ತಂದೆ ಬಂಗಾಳದಿಂದ ಹೋದವರು. ಅವರ ಕಂಪನಿ ಪೈಲಟ್‌ಗಳಿಗೆ ಇಂಥ ಹೆಡ್‌ಸೆಟ್ ಮಾರಲು ಶುರುಮಾಡಿದ್ದು 1989ರಲ್ಲಿ. ನನ್ನ ಹಾಗೆಯೇ ಕೇಳಿಸದೆ ಒದ್ದಾಡಿದವರು ಮಾಡಿದ ವಸ್ತು ಅಂತ ತಿಳಿದು ಖುಷಿಯಾಯಿತು.

ನಾನು ಹೊರಟದ್ದು ಬೆಳಗಿನ ಜಾವದ ವಿಮಾನಕ್ಕೆ. ಫ್ರಾಂಕ್‌ಫರ್ಟ್‌ವರೆಗೆ ಸುಮಾರು ಹತ್ತು ಗಂಟೆ, ಆ ಭಾಗಕ್ಕೆ ಇಯರ್‌ಬಡ್ಸ್. ದೇವನಹಳ್ಳಿಯ ದೀಪಗಳು ಕೆಳಗೆ ಮರೆಯಾಗುವ ಹೊತ್ತಿಗೆ ಹಾಕಿಕೊಂಡೆ. ಮೊರೆತ ಇಳಿದ ಕೂಡಲೇ ನನ್ನ ಭುಜವೂ ಕೆಳಗಿಳಿಯಿತು. ಅಷ್ಟು ಹೊತ್ತು ಮೈ ಬಿಗಿಹಿಡಿದು ಕೂತಿದ್ದೆ ಅಂತ ಆಗಲೇ ಗೊತ್ತಾದದ್ದು. ದಾಸರ ಪದ ಹಾಕಿದೆ. ಮನೆಯಲ್ಲಿ ಇಡುವಷ್ಟೇ ಸೌಂಡ್ ಇಟ್ಟರೂ ಹಿಂದಿನ ತಂಬೂರಿ ಶ್ರುತಿ ಕೂಡ ಕೇಳಿತು. ಇದು ಸಣ್ಣ ವಿಷಯ ಅಲ್ಲ. ಹಾರುವಾಗ ವಿಮಾನದೊಳಗೆ ಸುಮಾರು 80ರಿಂದ 85 ಡೆಸಿಬೆಲ್ ಸದ್ದು ಇರುತ್ತದೆ. ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಆ ಮೊರೆತವನ್ನು ಮೀರಿಸಲು ಸೌಂಡ್ ಏರಿಸುತ್ತಾ ಹೋದರೆ ಕಿವಿಯ ಗತಿ ಏನು? ಮೊದಲ ಸಲ ನಾನು ಮಾಡಿದ ತಪ್ಪು ಇದೇ.

ಊಟ ಕೊಡುವವರು ಬಂದಾಗಲೂ ಇಯರ್‌ಬಡ್ಸ್ ಅನುಕೂಲ. ಒಮ್ಮೆ ಮುಟ್ಟಿದರೆ ಹೊರಗಿನ ಮಾತು ಒಳಗೆ ಬಿಡುತ್ತದೆ, ಕಿತ್ತು ಕೈಯಲ್ಲಿ ಹಿಡಿಯಬೇಕಾಗಿಲ್ಲ.

ಕಷ್ಟ ಶುರುವಾದದ್ದು ನಿದ್ದೆಗೆ. ನನ್ನದು ಕಿಟಕಿ ಸೀಟು. ತಲೆ ಪಕ್ಕಕ್ಕೆ ವಾಲಿಸಿದರೆ ಬಡ್ಸ್ ಕಿವಿಗೆ ಒತ್ತಿ ನೋವು. ನಿದ್ದೆಗಣ್ಣಿನಲ್ಲಿ ಒಂದು ಕಳಚಿ ಮಡಿಲಿಗೆ ಬಿತ್ತು. ಸೀಟಿನ ಸಂದಿಗೆ ಬಿದ್ದಿದ್ದರೆ? ಹಾಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಬೇಡಿ, ಸಿಬ್ಬಂದಿಯನ್ನು ಕರೆಯಿರಿ. ಲಿಥಿಯಂ ಬ್ಯಾಟರಿ ಸೀಟಿನಡಿ ನಜ್ಜಾದರೆ ಬೆಂಕಿ ಹತ್ತಬಹುದು. ಆಮೇಲೆ ಐದು ಗಂಟೆ ಚಿಲ್ಲರೆಗೆ ಚಾರ್ಜ್ ಮುಗಿಯಿತು. ಒಳ್ಳೆಯವುಗಳ ಲೆಕ್ಕವೂ ಇಷ್ಟರ ಸುತ್ತಮುತ್ತಲೇ. ಕ್ಯಾನ್ಸಲಿಂಗ್ ಆನ್ ಇದ್ದಾಗ ಆಪಲ್ ತನ್ನ ಏರ್‌ಪಾಡ್ಸ್ ಪ್ರೊ ಎರಡನೇ ಮಾಡೆಲ್‌ಗೆ ಹೇಳುವುದು 6 ಗಂಟೆ, ಸೋನಿ ಡಬ್ಲ್ಯೂಎಫ್-1000ಎಕ್ಸ್‌ಎಂ5ಗೆ ಹೇಳುವುದು 8 ಗಂಟೆ. ಡಬ್ಬಿಯಲ್ಲಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ ನಿಜ. ಆದರೆ ಸರಿಯಾಗಿ ಕಣ್ಣು ಹತ್ತುವ ಹೊತ್ತಿಗೆ ಡಬ್ಬಿ ಹುಡುಕಬೇಕು. ಅದಕ್ಕೇ ಊಟದ ಹೊತ್ತಿಗೆ ತಪ್ಪದೆ ಡಬ್ಬಿಗೆ ಹಾಕಿಬಿಡಿ. ಇನ್ನೊಂದು, ಮುಂದಿನ ಸ್ಕ್ರೀನ್‌ನಲ್ಲಿ ಸಿನಿಮಾ ನೋಡಲು ಇದು ಸೇರಲಿಲ್ಲ. ಹೊಸ ವಿಮಾನಗಳಲ್ಲಿ ಕೆಲವು ಕಡೆ ಬ್ಲೂಟೂತ್ ಇರುತ್ತದೆ, ನನ್ನದರಲ್ಲಿ ಇರಲಿಲ್ಲ. ಸೀಟಿನ ತೂತಿಗೆ ಚುಚ್ಚಿ ಬ್ಲೂಟೂತ್ ಕಳಿಸುವ ಪುಟ್ಟ ಸಾಧನ ಸಿಗುತ್ತದೆ, ಅದನ್ನೂ ಕೊಂಡು ಅದನ್ನೂ ಚಾರ್ಜ್ ಮಾಡಬೇಕು.

ಇಳಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಒಂದು ಮಗು ಜೋರಾಗಿ ಅಳುತ್ತಿತ್ತು. ಇಯರ್‌ಬಡ್ಸ್ ಅದನ್ನು ತಡೆಯಲಿಲ್ಲ, ಶಿಡ್ಲಘಟ್ಟದಲ್ಲಿ ಕಂಡದ್ದೇ. ಆ ಮಗುವಿನ ಕಷ್ಟ ನನಗೆ ಅರ್ಥವಾಗುತ್ತಿತ್ತು. ನಮ್ಮ ನಂದಿ ಬೆಟ್ಟದ ಎತ್ತರ 1478 ಮೀಟರ್. ಹಾರುವಾಗ ವಿಮಾನದೊಳಗಿನ ಗಾಳಿ ಸುಮಾರು 1800ರಿಂದ 2400 ಮೀಟರ್ ಬೆಟ್ಟದ ಮೇಲಿರುವಷ್ಟು ತೆಳುವಾಗಿರುತ್ತದೆ. ಇಳಿಯುವಾಗ ಅದು ಮತ್ತೆ ದಟ್ಟವಾಗಿ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ದೊಡ್ಡವರು ಉಗುಳು ನುಂಗಿ, ಆಕಳಿಸಿ ಸರಿ ಮಾಡಿಕೊಳ್ಳುತ್ತೇವೆ. ಮಗುವಿಗೆ ಹಾಲು ಕುಡಿಸಬೇಕು. ಆ ತಾಯಿ ಕುಡಿಸಿದರು, ಸುಮ್ಮನಾಯಿತು. ನಾವೂ ಇಳಿಯಲು ಅರ್ಧ ಗಂಟೆ ಇರುವಾಗಲೇ ಕಿವಿಯಿಂದ ಎಲ್ಲ ತೆಗೆದುಬಿಡುವುದು ಒಳ್ಳೆಯದು, ಬಿಗಿಯಾಗಿ ಕೂರುವ ಟಿಪ್ ಆದರಂತೂ ಇನ್ನೂ.

ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಸುಮಾರು ಹನ್ನೊಂದು ಗಂಟೆ, ಅದಕ್ಕೆ ನೆಕ್‌ಬ್ಯಾಂಡ್. ಇದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಚಾರ್ಜ್ ಕೊನೆವರೆಗೂ ಬಂತು. ಕಳಚಿದರೂ ಕತ್ತಿನಲ್ಲೇ ಇರುತ್ತದೆ, ಕಳೆದುಹೋಗುವ ಭಯ ಇಲ್ಲ. ಆದರೆ ಕತ್ತಿಗೆ ದಿಂಬು ಹಾಕಿದೊಡನೆ ಪಟ್ಟಿ ಚುಚ್ಚುತ್ತದೆ. ಕ್ಯಾನ್ಸಲಿಂಗ್ ಇಯರ್‌ಬಡ್ಸ್‌ನ ಅರ್ಧದಷ್ಟೂ ಅನಿಸಲಿಲ್ಲ. ಬೆಂಗಳೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಚೆನ್ನ, ದೂರದ ವಿಮಾನಕ್ಕೆ ಬೇಡ.

ಬರುವಾಗ ಫ್ರಾಂಕ್‌ಫರ್ಟ್‌ವರೆಗೆ ವೈರಿನದು. ಫೋಮ್ ಟಿಪ್ ಹಾಕುವುದಕ್ಕೆ ಒಂದು ಕ್ರಮ ಇದೆ. ಅದು ತಪ್ಪಿದರೆ ಯಾವ ಪ್ರಯೋಜನವೂ ಇಲ್ಲ. ಟಿಪ್ಪನ್ನು ಬೆರಳಲ್ಲಿ ಬತ್ತಿಯ ಹಾಗೆ ಹೊಸೆದು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯಲ್ಲಿ ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಕೂರಿಸಬೇಕು. ಅರ್ಧ ನಿಮಿಷ ಬೆರಳು ಒತ್ತಿ ಹಿಡಿದರೆ ಅದು ಉಬ್ಬಿ ಕಿವಿಗೆ ತುಂಬಿಕೊಳ್ಳುತ್ತದೆ. ಅಳತೆಯೂ ಮುಖ್ಯ. ನನ್ನ ಎರಡು ಕಿವಿ ಒಂದೇ ಅಳತೆ ಇಲ್ಲ ಅಂತ ಈ ವಯಸ್ಸಿನಲ್ಲಿ ತಿಳಿಯಿತು. ಬಲಕ್ಕೆ ಸಣ್ಣದು, ಎಡಕ್ಕೆ ಮಧ್ಯಮ. ಇಯರ್‌ಬಡ್ಸ್‌ಗೂ ಇದೇ ಮಾತು. ಟಿಪ್ ಸಂದಿಯಲ್ಲಿ ಸದ್ದು ನುಸುಳಿದರೆ ಹದಿನೆಂಟು ಸಾವಿರದ ಕ್ಯಾನ್ಸಲಿಂಗ್ ಕೂಡ ಸೋಲುತ್ತದೆ. ಕೊಂಡ ದಿನವೇ ಡಬ್ಬಿಯಲ್ಲಿರುವ ಎಲ್ಲ ಟಿಪ್ ಹಾಕಿ ನೋಡಿ.

ಹಾಕಿ ಕೂತೆ. ಎಂಜಿನ್ ಪೂರ್ತಿ ಅಡಗಲಿಲ್ಲ, ದೂರದಲ್ಲಿ ಮಳೆ ಹೊಯ್ಯುವ ಹಾಗೆ ಉಳಿಯಿತು. ಮಾತು, ಪಾತ್ರೆ, ತಳ್ಳುಗಾಡಿ, ಬಾಗಿಲು ಎಲ್ಲ ಹೋಯಿತು. ಹಾಡೂ ಹಾಕಲಿಲ್ಲ. ಕಿಟಕಿಗೆ ತಲೆ ಒರಗಿಸಿದೆ, ಒತ್ತಲಿಲ್ಲ. ಇದು ಕಿವಿಯಿಂದ ಹೊರಗೆ ಚಾಚದಷ್ಟು ಚಿಕ್ಕದು. ನಾಲ್ಕು ಗಂಟೆ ಒಂದೇ ನಿದ್ದೆ ಮಾಡಿದೆ. ವಿಮಾನದಲ್ಲಿ ನನಗೆ ಅಂಥ ನಿದ್ದೆ ಹಿಂದೆ ಬಂದಿರಲಿಲ್ಲ. ಎದ್ದು ನೇರ ಸ್ಕ್ರೀನ್‌ಗೆ ಚುಚ್ಚಿ ಸಿನಿಮಾ ನೋಡಿದೆ, ಚಾರ್ಜಿನ ಯೋಚನೆಯೇ ಇಲ್ಲ.

ತೊಡಕು ಇಲ್ಲ ಅಂತಲ್ಲ. ವೈರ್ ಶಾಲಿಗೆ ಉಜ್ಜಿದರೆ ಪರಪರ ಸದ್ದು ನೇರ ಕಿವಿಗೆ ಬರುತ್ತದೆ. ವೈರನ್ನು ಕಿವಿಯ ಮೇಲಿನಿಂದ ಸುತ್ತಿ ಹಾಕಿದರೆ ಕಡಿಮೆಯಾಗುತ್ತದೆ. ಏನಾದರೂ ಅಗಿದರೆ ತಲೆಯೊಳಗೇ ಅಗಿದ ಹಾಗೆ ಕೇಳುತ್ತದೆ. ಐದನೇ ಗಂಟೆಗೆ ಕಿವಿ ಬಿಸಿಯಾಗಿ ತುರಿಸಿತು, ಹತ್ತು ನಿಮಿಷ ತೆಗೆದಿಟ್ಟೆ. ಫೋಮ್ ಕೆಲವು ತಿಂಗಳಿಗೆ ಸವೆಯುತ್ತದೆ, ರಬ್ಬರಿನ ಹಾಗೆ ಸೋಪು ಹಾಕಿ ತೊಳೆದು ವರ್ಷಗಟ್ಟಲೆ ಬಳಸಲು ಆಗುವುದಿಲ್ಲ. ಈಗಿನ ಎಷ್ಟೋ ಫೋನ್‌ಗಳಲ್ಲಿ ವೈರಿಗೆ ತೂತೇ ಇಲ್ಲ, ಟೈಪ್-ಸಿ ಕನೆಕ್ಟರ್ ಒಯ್ಯಬೇಕು. ಹಳೆಯ ವಿಮಾನದ ಸೀಟಿನಲ್ಲಿ ಎರಡು ತೂತು ಇರುತ್ತದೆ, ನಮ್ಮ ಒಂಟಿ ಪಿನ್ ಹಾಕಿದರೆ ಒಂದೇ ಕಿವಿಗೆ ಕೇಳುತ್ತದೆ. ಎರಡು ಪಿನ್ನಿನ ಅಡಾಪ್ಟರ್ ತುಂಬಾ ಅಗ್ಗ, ಒಂದು ಇಟ್ಟುಕೊಳ್ಳಿ.

ಕೊನೆಯ ಭಾಗದಲ್ಲಿ ಗಂಟೆಗೊಮ್ಮೆ ಇಯರ್‌ಬಡ್ಸ್, ವೈರಿನದು ಬದಲಾಯಿಸುತ್ತಾ ಬಂದೆ. ಎಚ್ಚರ ಇದ್ದು ಹಾಡು ಕೇಳುವಾಗ ಇಯರ್‌ಬಡ್ಸ್ ಮುಂದೆ, ಅದರಲ್ಲಿ ಅನುಮಾನ ಇಲ್ಲ. ನಿದ್ದೆಗೆ, ಸಿನಿಮಾಗೆ, ಸುತ್ತಲಿನ ಮಾತು ತಡೆಯುವುದಕ್ಕೆ ವೈರಿನದು. ಇಪ್ಪತ್ತು ಗಂಟೆಯಲ್ಲಿ ನನಗೆ ಬೇಕಾದ್ದು ನಿದ್ದೆ. ಇಳಿದ ಮೇಲೆ ಬಾಣಂತಿಗೆ ನೀರು ಹಾಕಬೇಕು, ಮಗು ನೋಡಬೇಕು. ಒಂದೇ ಕೊಳ್ಳಿ ಅಂದರೆ ನಾನು ಕೊಳ್ಳುವುದು ಸಾವಿರದ ಇನ್ನೂರರದನ್ನೇ. ಮಿಕ್ಕ ದುಡ್ಡಿನಲ್ಲಿ ಒಳ್ಳೆಯ ಟಿಪ್ ಕೊಂಡರೆ ಸಾಕು.

ಮುಂದಿನ ಸಲ ನಮ್ಮ ಯಜಮಾನರೂ ಬರುತ್ತಾರೆ. ಅವರು ವಿಮಾನದಲ್ಲಿ ಕಣ್ಣು ಮುಚ್ಚುವವರಲ್ಲ. ಎಂಜಿನ್ ಮೊರೆತಕ್ಕೆ ತಲೆನೋವು ಬರುತ್ತದೆ, ಕಿವಿಗೆ ಏನಾದರೂ ಗಟ್ಟಿಯಾಗಿ ತುರುಕುವುದೂ ಆಗದು. ಇಯರ್‌ಬಡ್ಸ್ ಅವರಿಗೆ ಕೊಟ್ಟಿದ್ದೇನೆ, ಈಗಿನಿಂದಲೇ ಸಂಜೆ ವಾಕಿಂಗಿಗೆ ಹಾಕಿಕೊಂಡು ರೂಢಿ ಮಾಡಿಕೊಳ್ಳುತ್ತಿದ್ದಾರೆ. ನನಗೆ ಫೋಮ್ ಟಿಪ್ ಹೊಸದು ತರಿಸಿದ್ದೇನೆ, ಸಣ್ಣದು ಎರಡು, ಮಧ್ಯಮ ಎರಡು. ಅಡಾಪ್ಟರ್ ಜೊತೆ ಕೈಚೀಲದ ಮುಂದಿನ ಜೇಬಿನಲ್ಲಿ ಇಟ್ಟಾಗಿದೆ.