ಆರು ಬೇಸಿಗೆ, ಒಂದು ಪುಟ್ಟ ಗ್ರಂಥಾಲಯ, ಕಾಣೆಯಾದ ಒಂದು ಹಾಳೆ

ಎಷ್ಟು ಪುಸ್ತಕ ಇದೆ, ಎಷ್ಟು ಗಂಟೆಗೆ ಬಾಗಿಲು ತೆಗೆಯುತ್ತಾರೆ, ಸದಸ್ಯರಾಗಲು ಏನೇನು ಬೇಕು ಅನ್ನುವುದನ್ನೆಲ್ಲ ನಾನು ಬರೆಯುವುದಿಲ್ಲ. ಅದು ಬಾಗಿಲ ಪಕ್ಕದ ಬೋರ್ಡಿನಲ್ಲೇ ಇದೆ. ನನಗೆ ಹೇಳಬೇಕಿರುವುದು ಒಂದು ಹಾಳೆಯ ಬಗ್ಗೆ. ಆ ಹಾಳೆ ಈ ವರ್ಷ ನಿಂತುಹೋಯಿತು. ಹಾಗಾಗಿ ಸ್ವಲ್ಪ ಸಿಟ್ಟಿನಲ್ಲೇ ಬರೆಯಲು ಕೂತಿದ್ದೇನೆ.

ನಾವು ಈ ಗ್ರಂಥಾಲಯಕ್ಕೆ ಹೋಗಲು ಶುರು ಮಾಡಿ ಆರು ಬೇಸಿಗೆ ಆಯಿತು. ಆಗ ಮಗಳಿಗೆ ಐದು ವರ್ಷ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗುವವರು. ಬೇಸಿಗೆ ಶಿಬಿರಗಳ ಫೀಸು ಕೇಳಿ ಸುಮ್ನೆ ವಾಪಸ್ ಬಂದಿದ್ದೆವು. ಆಗ ಯಾರೋ ಇಲ್ಲಿಗೆ ಹೋಗಿ ನೋಡಿ ಅಂದರು. ದುಡ್ಡು ಕೊಡಬೇಕಿಲ್ಲ ಅಂತ ಗೊತ್ತಾದಾಗ ನನಗೆ ಅನುಮಾನವೇ ಬಂತು. ಪುಕ್ಕಟೆ ಸಿಗುವುದರಲ್ಲಿ ಏನೋ ಇರುತ್ತದೆ ಅಲ್ವಾ? ಏನೂ ಇರಲಿಲ್ಲ. ಸಾರ್ವಜನಿಕ ಗ್ರಂಥಾಲಯದ ಸೇವೆ ತಾತ್ವಿಕವಾಗಿ ಉಚಿತವಾಗಿರಬೇಕು ಅಂತ ಯುನೆಸ್ಕೋದ ಪ್ರಣಾಳಿಕೆಯಲ್ಲೇ ಇದೆಯಂತೆ. ಆ ಪ್ರಣಾಳಿಕೆ ಮೊದಲು ಬಂದದ್ದು 1949ರಲ್ಲಿ, ಈಚೆಗೆ ತಿದ್ದಿದ್ದು 2022ರಲ್ಲಿ. ಇದನ್ನೂ ನಾನು ಓದಿದ್ದು ಆ ಹಾಳೆಯಲ್ಲೇ.

ಹಾಳೆ ಅಂದರೆ ದೊಡ್ಡದೇನಲ್ಲ. ಒಂದು ಎ4 ಕಾಗದ, ಎರಡೂ ಕಡೆ ಪ್ರಿಂಟು, ಮಧ್ಯಕ್ಕೆ ಒಂದು ಮಡಿಕೆ. ನಾಲ್ಕು ಪುಟ ಆಯಿತು. ಮೊದಲ ಪುಟದಲ್ಲಿ ಆ ವಾರದ ಕಾರ್ಯಕ್ರಮ. ಎರಡನೆಯದರಲ್ಲಿ ಹೊಸದಾಗಿ ಬಂದ ಪುಸ್ತಕಗಳು. ಮೂರನೆಯದು ನಮ್ಮ ನಮ್ಮ ಸುದ್ದಿ: ಕೊಡೆ ಬಿಟ್ಟುಹೋದವರು ಬಂದು ತೆಗೆದುಕೊಳ್ಳಿ, ಚೆಸ್ ಆಡಲು ಜೊತೆಗಾರರು ಬೇಕು, ಸಂಜೆ ಒಬ್ಬ ಅಜ್ಜನಿಗೆ ಪೇಪರ್ ಓದಿ ಹೇಳುವವರು ಬೇಕು, ಹಿಂದಿನ ಬಾಗಿಲ ಮೆಟ್ಟಿಲು ಮುರಿದಿದೆ, ಹುಷಾರು. ನಾಲ್ಕನೇ ಪುಟದ ಕೆಳಗಡೆ ಒಂದು ಚೌಕ. ಅದರ ತಲೆಬರಹ ‘ಪುಸ್ತಕದೊಳಗೆ ಸಿಕ್ಕಿದ್ದು’.

ವಾಪಸ್ ಬಂದ ಪುಸ್ತಕಗಳ ನಡುವೆ ಜನ ಮರೆತು ಬಿಟ್ಟ ವಸ್ತುಗಳ ಪಟ್ಟಿ ಅದು. ಒಂದು ಹಳೇ ಬಸ್ ಟಿಕೆಟ್. ಅರ್ಧ ಬರೆದು ನಿಲ್ಲಿಸಿದ ರಾಜೀನಾಮೆ ಪತ್ರ (‘ಹೆಸರು ಓದಿಲ್ಲ, ಬಂದು ಒಯ್ಯಿರಿ’ ಅಂತ ಟಿಪ್ಪಣಿ ಸಮೇತ). ಮಗುವಿನ ಕೈಯ ಅಚ್ಚು. ಕನ್ನಡಕದ ಒಂದು ಕಾಲು. ಒಂದು ವಾರ ಬರೀ ‘ಇರುವೆ, ಒಣಗಿದ್ದು, 1’ ಅಂತ ಇತ್ತು.

ಶನಿವಾರ ಬೆಳಿಗ್ಗೆ ನಮ್ಮ ಪದ್ಧತಿ ಹೀಗಿತ್ತು. ಕೌಂಟರಿನ ಮೇಲೆ ಹಾಳೆಗಳ ಕಟ್ಟು, ಗಾಳಿಗೆ ಹಾರದಂತೆ ಅದರ ಮೇಲೊಂದು ಸ್ಟೇಪ್ಲರ್. ಮಗಳು ಸ್ಟೇಪ್ಲರ್ ಎತ್ತಿ ಹಿಡಿಯಬೇಕು, ನಾನು ಒಂದೇ ಒಂದು ಹಾಳೆ ತೆಗೆಯಬೇಕು. ಅವಳು ಫ್ಯಾನಿನ ಕೆಳಗೆ ನಿಂತು ಕೊನೇ ಪುಟ ಮೊದಲು ಓದುತ್ತಿದ್ದಳು. ಆಮೇಲೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಪೆನ್ಸಿಲಿನಿಂದ ಬೇಕಾದ ಕಾರ್ಯಕ್ರಮಕ್ಕೆ ಸುತ್ತು ಹಾಕುವುದು. ಖಂಡಿತ ಹೋಗುವುದಕ್ಕೆ ಪೂರ್ತಿ ಸುತ್ತು, ನೋಡೋಣ ಅನ್ನುವುದಕ್ಕೆ ಅರ್ಧ ಸುತ್ತು. ಮನೆಗೆ ಬಂದ ಮೇಲೆ ಹಾಳೆ ಫ್ರಿಜ್ಜಿನ ಬಾಗಿಲಿಗೆ. ವಾರವಿಡೀ ಅಲ್ಲೇ ಇರುತ್ತಿತ್ತು. ಯಾರು ಫ್ರಿಜ್ ತೆಗೆದರೂ ಬುಧವಾರ ಏನಿದೆ ಅಂತ ಕಣ್ಣಿಗೆ ಬೀಳುತ್ತಿತ್ತು.

ಕಾರ್ಯಕ್ರಮಗಳ ಬಗ್ಗೆ ಹೇಳದಿದ್ದರೆ ಇದು ವಿಮರ್ಶೆ ಆಗುವುದಿಲ್ಲ. ಕಥೆ ಹೇಳುವುದು, ಚಿತ್ರ ಬಿಡಿಸುವುದು ಎಲ್ಲ ಕಡೆ ಇರುವಂಥದ್ದೇ, ಚೆನ್ನಾಗಿಯೇ ಇವೆ. ಓದಿನ ಲೆಕ್ಕ ಮೊದಲೆರಡು ವರ್ಷ ಪುಸ್ತಕದ ಎಣಿಕೆಯಲ್ಲಿತ್ತು. ಒಂದು ಪುಸ್ತಕ ಓದಿದರೆ ಒಂದು ನಕ್ಷತ್ರ. ನನ್ನ ಮಗಳು ಬುದ್ಧಿವಂತೆ, ಹನ್ನೆರಡು ಪುಟದ ಪುಸ್ತಕಗಳನ್ನೇ ಹುಡುಕಿ ತರುತ್ತಿದ್ದಳು. ಮೂರನೇ ವರ್ಷ ಅದನ್ನು ನಿಮಿಷದ ಲೆಕ್ಕಕ್ಕೆ ಬದಲಾಯಿಸಿದರು. ಬೇರೆಯವರು ಓದಿ ಹೇಳಿದ್ದೂ ಸೇರುತ್ತದೆ, ಕಾಮಿಕ್ಸೂ ಸೇರುತ್ತದೆ. ಅಲ್ಲಿಂದ ಅವಳು ದಪ್ಪ ಪುಸ್ತಕಕ್ಕೆ ಕೈ ಹಾಕಿದಳು. ರಜೆಯಲ್ಲಿ ಓದು ಬಿಟ್ಟರೆ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಅನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಬಾರ್ಬರಾ ಹೇನ್ಸ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಅಟ್ಲಾಂಟಾದ ಮಕ್ಕಳನ್ನು ಗಮನಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಸಿಗೆಯ ಕಲಿಕೆಗೆ ಸಾರ್ವಜನಿಕ ಗ್ರಂಥಾಲಯದಷ್ಟು ನೆರವಾದ ಸಂಸ್ಥೆ ಬೇರೊಂದಿಲ್ಲ ಎಂದಿದ್ದರು. ಆದರೆ ನನಗೆ ಇದಕ್ಕೆ ಅಧ್ಯಯನ ಬೇಕಿಲ್ಲ. ಮಧ್ಯಾಹ್ನ ಎರಡು ಗಂಟೆ ಅವಳು ಟಿವಿ ಕೇಳಲಿಲ್ಲ, ಅಷ್ಟು ಸಾಕು.

ನಾಲ್ಕನೇ ವರ್ಷದ ಒಂದು ಕಾರ್ಯಕ್ರಮ ಮಾತ್ರ ನಮ್ಮ ಮನೆಯ ಶಾಂತಿಯನ್ನೇ ಕೆಡಿಸಿತು. ಹೆಸರು ‘ಪುಸ್ತಕದ ಬೆನ್ನಿನ ಗುಟ್ಟು’. ಪುಸ್ತಕದ ಹಿಂದೆ ಬಾರ್‌ಕೋಡಿನ ಜೊತೆ ಐಎಸ್‌ಬಿಎನ್ ಸಂಖ್ಯೆ ಇರುತ್ತದಲ್ಲ, ಅದರ 13 ಅಂಕಿಗಳನ್ನು ಒಂದು ಬಿಟ್ಟು ಒಂದಕ್ಕೆ 3ರಿಂದ ಗುಣಿಸಬೇಕು. ಅಂದರೆ ಮೊದಲನೆಯದು ಹಾಗೇ, ಎರಡನೆಯದು ಮೂರರಷ್ಟು, ಮೂರನೆಯದು ಹಾಗೇ. ಎಲ್ಲ ಕೂಡಿಸಿದರೆ ಮೊತ್ತದ ಕೊನೆಗೆ ಸೊನ್ನೆ ಬರಲೇಬೇಕು. ಬರಲಿಲ್ಲ ಅಂದರೆ ಸಂಖ್ಯೆ ಎಲ್ಲೋ ತಪ್ಪಾಗಿದೆ. ಕೊನೆಯ ಅಂಕಿಯನ್ನು ಇಟ್ಟಿರುವುದೇ ಈ ಕಾವಲಿಗೆ.

ಮಗಳು ಮನೆಗೆ ಬಂದವಳೇ ಕಪಾಟಿನ ಪುಸ್ತಕಗಳನ್ನೆಲ್ಲ ನೆಲಕ್ಕೆ ಹಾಕಿಕೊಂಡು ಕೂತಳು. ರಾತ್ರಿ ಹತ್ತರವರೆಗೂ ಗುಣಾಕಾರ. ಶಾಲೆಯ ಮಗ್ಗಿಗೆ ಅಳುವ ಹುಡುಗಿ! ನನ್ನ ಕಾಲೇಜು ದಿನಗಳ ಒಂದು ಪುಸ್ತಕದಲ್ಲಿ ಹತ್ತೇ ಅಂಕಿ ಇತ್ತು, ಕೊನೆಗೆ ಎಕ್ಸ್ ಅಕ್ಷರ. ‘ಪ್ರಿಂಟ್ ತಪ್ಪಾಗಿದೆ’ ಅಂತ ತೀರ್ಪು ಕೊಟ್ಟಳು. ಮರುದಿನ ಗ್ರಂಥಪಾಲಕಿ ಅದನ್ನೂ ಬಿಡಿಸಿ ಹೇಳಿದರು. 2007ಕ್ಕಿಂತ ಮೊದಲು ಹತ್ತೇ ಅಂಕಿ ಇತ್ತು, ಆ ಲೆಕ್ಕ ಹನ್ನೊಂದರಿಂದ ಭಾಗಿಸುವುದು, ಕಾವಲು ಅಂಕಿ ಹತ್ತು ಬಂದಾಗ ಒಂದೇ ಜಾಗದಲ್ಲಿ ಬರೆಯಲು ರೋಮನ್ ಹತ್ತು, ಅಂದರೆ ಎಕ್ಸ್. ವಾರದ ನಂತರ ಮಗಳು ಇನ್ನೊಂದು ಕಂಡುಹಿಡಿದಳು. ಹೊಸ ಲೆಕ್ಕದಲ್ಲಿ ಅಕ್ಕಪಕ್ಕದ 1 ಮತ್ತು 6 ಅದಲು ಬದಲಾದರೆ ಕಾವಲುಗಾರನಿಗೆ ಗೊತ್ತೇ ಆಗುವುದಿಲ್ಲ. 2 ಮತ್ತು 7 ಆದರೂ ಅಷ್ಟೇ. ಗ್ರಂಥಪಾಲಕಿ ಚೀಟಿಯಲ್ಲಿ ಲೆಕ್ಕ ಹಾಕಿ ನೋಡಿದರು. ಇನ್ನೊಮ್ಮೆ ಹಾಕಿದರು. ಮುಂದಿನ ಶನಿವಾರದ ಹಾಳೆಯ ಮೂರನೇ ಪುಟದಲ್ಲಿ ಅದು ಸುದ್ದಿಯಾಗಿ ಬಂತು, ‘ನಮ್ಮ ಒಬ್ಬ ಓದುಗಾರ್ತಿ’ ಎಂದು. ಆ ಹಾಳೆ ಇನ್ನೂ ನಮ್ಮ ಫ್ರಿಜ್ಜಿನ ಮೇಲಿದೆ.

ಹೋದ ವರ್ಷದವರೆಗೆ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಈ ಬೇಸಿಗೆಯ ಮೊದಲ ಶನಿವಾರ ಹೋದರೆ ಸ್ಟೇಪ್ಲರ್ ಇದೆ, ಕೆಳಗೆ ಏನೂ ಇಲ್ಲ. ಅದರ ಪಕ್ಕದಲ್ಲಿ ಒಂದು ಕ್ಯೂಆರ್ ಕೋಡು. ಸ್ಕ್ಯಾನ್ ಮಾಡಿ, ವಾಟ್ಸಾಪ್ ಗುಂಪಿಗೆ ಸೇರಿ, ಇನ್ನು ಮುಂದೆ ಎಲ್ಲ ಸುದ್ದಿ ಅಲ್ಲೇ. ಸೇರಿದೆ. ಮೊದಲ ದಿನವೇ ಅರವತ್ತಕ್ಕೂ ಹೆಚ್ಚು ಸಂದೇಶ. ಅದರಲ್ಲಿ ಗ್ರಂಥಾಲಯದ್ದು ಎರಡು. ಮಿಕ್ಕಿದ್ದೆಲ್ಲ ಶುಭೋದಯ, ಹೂವಿನ ಚಿತ್ರ, ಕೈ ಮುಗಿದ ಚಿಹ್ನೆ, ‘ಈ ಸಂದೇಶವನ್ನು ಅಳಿಸಲಾಗಿದೆ’, ಮತ್ತು ಯಾರೋ ಮಾರುತ್ತಿದ್ದ ಹಳೇ ಸೈಕಲ್. ನಾನು ಗುಂಪಿನ ಬಾಯಿ ಮುಚ್ಚಿಸಿಟ್ಟೆ. ಎಲ್ಲರೂ ಮಾಡುವುದು ಅದನ್ನೇ ಅಲ್ವಾ?

ಈ ವರ್ಷ ನಾವು ಕಾದು ಕೂತಿದ್ದ ಕಾರ್ಯಕ್ರಮ ‘ಪುಸ್ತಕದ ಆಸ್ಪತ್ರೆ’. ಎರಡು ಭಾಗ. ಮೊದಲ ದಿನ ಹರಿದ ಪುಟಕ್ಕೆ ಸೆಲ್ಲೋಟೇಪ್ ಯಾಕೆ ಹಚ್ಚಬಾರದು ಅಂತ ತೋರಿಸಿದರು. ಅದರ ಅಂಟು ಕಾಲಕ್ರಮೇಣ ಹಳದಿಯಾಗಿ ಕಾಗದಕ್ಕೇ ಇಳಿಯುತ್ತದೆ, ಟೇಪ್ ಉದುರಿ ಹೋದರೂ ಕಲೆ ಹೋಗುವುದಿಲ್ಲ. ನಮ್ಮ ಮನೆಯ ಅರ್ಧ ಪುಸ್ತಕಗಳಿಗೆ ನಾನೇ ಟೇಪ್ ಸುತ್ತಿದ್ದೇನೆ. ಮಗಳು ಎಲ್ಲರೆದುರು ನನ್ನ ಕಡೆ ತಿರುಗಿ ನೋಡಿದಳು. ತೆಳ್ಳನೆಯ ಜಪಾನಿ ಕಾಗದವನ್ನು ಕೈಯಲ್ಲಿ ಹರಿದು (ಕತ್ತರಿಯಲ್ಲಿ ಕತ್ತರಿಸಬಾರದು, ಅಂಚಿನ ನಾರು ಹರಡಿಕೊಂಡಿದ್ದರೆ ಹಿಡಿತ ಜಾಸ್ತಿ), ಗೋಧಿ ಪಿಷ್ಟದ ಅಂಟಿನಲ್ಲಿ ಕೂರಿಸುವುದು ಎರಡನೇ ದಿನದ ಪಾಠ. ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ. ಹರಿದ ಪುಸ್ತಕ ಮನೆಯಿಂದಲೇ ತರಬಹುದು.

ನಾನು ಅರ್ಧ ದಿನ ರಜೆ ಹಾಕಿದೆ. ಮಗಳು ತನ್ನ ಮೊದಲ ಕಥೆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡಿದ್ದಳು. ಆಸ್ಪತ್ರೆಗೆ ಕರೆದೊಯ್ಯುವ ಹಾಗೇ. ಬಿಸಿಲಿನಲ್ಲಿ ನಡೆದು ಹೋದರೆ ಬಾಗಿಲಿಗೆ ಬೀಗ. ಪಾಠ ಬೆಳಿಗ್ಗೆ ಹತ್ತಕ್ಕೇ ಮುಗಿದಿತ್ತು. ಸಮಯ ಬದಲಾದ ಸಂದೇಶ ಹಿಂದಿನ ರಾತ್ರಿಯೇ ಬಂದಿತ್ತು. ಯಾರದೋ ಹುಟ್ಟುಹಬ್ಬದ ಶುಭಾಶಯಗಳ ರಾಶಿಯೊಳಗೆ ಸಿಕ್ಕಿಕೊಂಡಿತ್ತು. ಮೆಟ್ಟಿಲ ಮೇಲೆ ನಿಂತು ಮೇಲಕ್ಕೆ ಮೇಲಕ್ಕೆ ಸರಿಸಿ ಹುಡುಕಿದೆ. ನಮ್ಮ ಹಾಗೇ ಇನ್ನೂ ಮೂರು ಮಕ್ಕಳು ಬಂದಿದ್ದವು. ಒಬ್ಬ ಹುಡುಗನ ಮನೆಯಲ್ಲಿ ಸ್ಮಾರ್ಟ್‌ಫೋನೇ ಇಲ್ಲ. ಅವನಿಗೆ ಯಾರು ಹೇಳಬೇಕಿತ್ತು?

ಮರುದಿನ ಜಗಳಕ್ಕೇ ಹೋದೆ. ಹೋದಾಗ ಗ್ರಂಥಪಾಲಕಿ ಒಂದು ಕೈಯಲ್ಲಿ ಫೋನ್ ಹಿಡಿದು, ಇನ್ನೊಂದರಲ್ಲಿ ವಾಪಸ್ ಬಂದ ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದರು. ಮೊದಲು ಇಬ್ಬರು ಇದ್ದರು, ಈಗ ಅವರೊಬ್ಬರೇ. ನಾನು ಆರು ವರ್ಷದಲ್ಲಿ ಒಮ್ಮೆಯೂ ಯೋಚಿಸದಿದ್ದ ವಿಷಯ ಆಗ ಹೊಳೆಯಿತು. ಆ ಹಾಳೆ ತನ್ನಷ್ಟಕ್ಕೆ ತಾನೇ ಹುಟ್ಟುತ್ತಿರಲಿಲ್ಲ. ಗುರುವಾರ ಸಂಜೆ ಬಾಗಿಲು ಹಾಕಿದ ಮೇಲೆ ಕೂತು ಟೈಪ್ ಮಾಡುವುದು, ಶುಕ್ರವಾರ ಪ್ರಿಂಟು, ಆಮೇಲೆ ಒಂದೊಂದನ್ನೂ ಕೈಯಲ್ಲಿ ಮಡಿಸುವುದು. ಅದಕ್ಕೆ ಅವರಿಗೆ ಯಾರೂ ಹೆಚ್ಚಿನ ಸಂಬಳ ಕೊಟ್ಟಿರಲಿಲ್ಲ. ‘ಇರುವೆ, ಒಣಗಿದ್ದು, 1’ ಬರೆದವರು ಇವರೇ ಅಂತ ನೆನಪಾಗಿ ನನ್ನ ಸ್ವರ ತಾನಾಗಿಯೇ ಇಳಿಯಿತು.

ಹಾಗಂತ ದೂರು ವಾಪಸ್ ಪಡೆಯುತ್ತಿಲ್ಲ. ಫೋನಿಗೆ ಬರುವ ಸುದ್ದಿ ಫೋನ್ ಇದ್ದವರಿಗೆ ಮಾತ್ರ, ಅದೂ ನೋಡಿದವರಿಗೆ ಮಾತ್ರ. ಹತ್ತು ವರ್ಷದ ಮಗು ತಾನೇ ಓದಿ ತಾನೇ ಸುತ್ತು ಹಾಕುವ ಸುಖ ಅದರಲ್ಲಿಲ್ಲ. ಈಗ ಕಾರ್ಯಕ್ರಮ ಆರಿಸುವವಳು ಮಗಳಲ್ಲ, ನಾನು. ಇದೇ ನನಗೆ ಜಾಸ್ತಿ ಚುಚ್ಚಿದ್ದು. ನಾನು ಕೇಳಿದ್ದು ಎರಡೇ. ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯುವಂತೆ ಸೆಟ್ಟಿಂಗ್ ಬದಲಿಸಿ, ಅದಕ್ಕೆ ಅರ್ಧ ನಿಮಿಷ ಸಾಕು. ಮತ್ತೆ ವಾರಕ್ಕೊಂದೇ ಒಂದು ಹಾಳೆ ಬಾಗಿಲಿಗೆ ಅಂಟಿಸಿ. ಕೈಯಲ್ಲಿ ಬರೆದರೂ ಪರವಾಗಿಲ್ಲ. ‘ಸೆಲ್ಲೋಟೇಪ್ ಬೇಡ’ ಅಂತ ಮಗಳು ಸೇರಿಸಿದಳು.

ದುಡ್ಡಿನ ದೃಷ್ಟಿಯಿಂದ ನೋಡಿದರೆ ಬೇಸಿಗೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಫೋನ್ ಸದಾ ನೋಡುವವರಿದ್ದರೆ ಈ ದೂರು ನಿಮಗೆ ಅನ್ವಯಿಸುವುದೇ ಇಲ್ಲ. ನಾನು ನೋಡುವವರ ಪೈಕಿ ಅಲ್ಲ. ಐದಕ್ಕೆ ಮೂರೂವರೆ.

ಸೇರ್ಪಡೆ, ಎರಡು ವಾರದ ನಂತರ: ಸೆಟ್ಟಿಂಗ್ ಬದಲಾಗಿದೆ, ಶುಭೋದಯ ನಿಂತಿದೆ. ಬಾಗಿಲಿಗೂ ಒಂದು ಹಾಳೆ ಬಂದಿದೆ, ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಕೈಬರಹ. ಕೆಳಗೆ ಆ ಚೌಕವೂ ಇದೆ. ‘ಪುಸ್ತಕದೊಳಗೆ ಸಿಕ್ಕಿದ್ದು: ಒಂದು ಚೀಟಿ. ಬಲ್ಬು, ಸೂಜಿ, ನೀಲಿ ದಾರ. ಯಾರದ್ದು?’ ಮಗಳು ಓದಿ ನನ್ನ ಮುಖ ನೋಡಿದಳು. ಬಲ್ಬು, ಸೂಜಿ ನೆನಪಿನಲ್ಲೇ ತಂದಿದ್ದೆ. ದಾರ ಇನ್ನೂ ತಂದಿಲ್ಲ.